ಅತ್ತಿಗೆಯ ಬೆರಳುಗಳಿಗೆ ಮಾತ್ರ ಗೊತ್ತಿದ್ದದ್ದು

ನಮ್ಮ ಅತ್ತಿಗೆಯ ಲ್ಯಾಪ್‌ಟಾಪನ್ನು ಒಮ್ಮೆ ಮುಟ್ಟಿದವರು ಮತ್ತೊಮ್ಮೆ ಮುಟ್ಟುವುದಿಲ್ಲ. ಗುಂಡಿಯ ಮೇಲೆ ಅಚ್ಚಾಗಿರುವ ಅಕ್ಷರವೇ ಒಂದು, ಒತ್ತಿದರೆ ಪರದೆಯ ಮೇಲೆ ಮೂಡುವುದೇ ಇನ್ನೊಂದು. ನಾನು ಒಂದು ಸಲ ನನ್ನ ಹೆಸರು ಹೊಡೆಯಲು ಹೋಗಿ, ಯಾವುದೋ ಮಾತ್ರೆಯ ಹೆಸರಿನಂಥದ್ದು ಮೂಡಿದ್ದನ್ನು ಕಂಡು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಿದ್ದೆ. ಯಂತ್ರಗಳ ವಿಷಯದಲ್ಲಿ ನನ್ನ ಪ್ರೀತಿ ಮೊದಲೇ ಅಷ್ಟಕ್ಕಷ್ಟೆ. ಫೋನು ಮಾತಾಡುವುದಕ್ಕೆ, ಗಡಿಯಾರ ಹೊತ್ತು ನೋಡುವುದಕ್ಕೆ. ಗಡಿಯಾರದಲ್ಲಿ ಮಾತಾಡುವುದು, ಫೋನು ನನ್ನ ಹೆಜ್ಜೆ ಲೆಕ್ಕ ಹಾಕುವುದು, ಇವೆಲ್ಲ ನನ್ನ ಪ್ರಕಾರ ಅಧಿಕಪ್ರಸಂಗ. ಅಂಥ ನಾನು ಆ ಭಾನುವಾರ ಮಧ್ಯಾಹ್ನ ಅದೇ ಲ್ಯಾಪ್‌ಟಾಪಿನ ಮುಂದೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಅದರೊಳಗೆ ನಮ್ಮ ಅಪ್ಪನ ದನಿ ಇತ್ತು. ಬೇರೆಲ್ಲೂ ಇರಲಿಲ್ಲ.

ಅತ್ತಿಗೆ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟು. ಬಾಡಿಗೆ ಕರಾರು, ಅಫಿಡವಿಟ್ಟು, ಪಾಲುಪತ್ರ, ಊರಿನ ಜಗಳವೆಲ್ಲ ಅವಳ ಬೆರಳ ತುದಿಯಿಂದ ಹಾದುಹೋಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಹೊಡೆದೂ ಹೊಡೆದೂ ಒಂದು ಹಂತದಲ್ಲಿ ಮಣಿಕಟ್ಟು ಊದಿಕೊಂಡಿತು. ಚೊಂಬು ಎತ್ತಲೂ ಆಗುತ್ತಿರಲಿಲ್ಲ. ಡಾಕ್ಟರು ಕೆಲಸ ಬಿಡಿ ಎಂದರು. ಅವಳು ಕೆಲಸ ಬಿಡಲಿಲ್ಲ, ಕೀಬೋರ್ಡನ್ನು ಬಿಟ್ಟಳು. ಹೆಚ್ಚು ಬಳಸುವ ಅಕ್ಷರಗಳೆಲ್ಲ ನಡುಸಾಲಿನಲ್ಲಿ, ಬೆರಳು ಮಲಗಿದ ಜಾಗದಲ್ಲೇ ಸಿಗುವಂಥ ಬೇರೆ ಜೋಡಣೆಯೊಂದಿದೆ ಎಂದು ಎಲ್ಲೋ ಓದಿ, ಅದನ್ನು ಕಲಿತಳು. ಅದೂ ಸಾಲದೆಂದು ತನ್ನ ಅನುಕೂಲಕ್ಕೆ ಕೆಲವು ಅಕ್ಷರಗಳನ್ನು ಮತ್ತೆ ಅತ್ತಿತ್ತ ಸರಿಸಿದಳು. ಕಲಿಯುವಾಗ ಅವಳ ಪಾಡು ನೋಡಬೇಕಿತ್ತು. ಮಿಂಚಿನಂತೆ ಹೊಡೆಯುತ್ತಿದ್ದವಳು ಒಂದು ಸಾಲಿಗೆ ಒಂದು ಲೋಟ ಕಾಫಿ ಆರಿಸುತ್ತಿದ್ದಳು. ಆಮೇಲೆ ಒಂದು ದಿನ ನೋವು ಹೋಯಿತು, ವೇಗ ಬಂತು.

ಹಳೆಯದು ಮಾತ್ರ ಪೂರ್ತಿ ಮರೆತುಹೋಯಿತು. ಅಲ್ಲಿಂದ ಫಜೀತಿ ಶುರು. ಒಂದು ಸಂಜೆ ಕಚೇರಿಯ ಯಂತ್ರದಲ್ಲಿ ತನ್ನ ಜೋಡಣೆಯನ್ನು ಹಾಗೆಯೇ ಬಿಟ್ಟು ಬಂದಿದ್ದಳು. ಮರುದಿನ ಹಿರಿಯ ಗುಮಾಸ್ತರು ಕಾಗದ ನೋಡಿಕೊಂಡೇ ಒಂದು ಪುಟ ಹೊಡೆದು, ತಲೆ ಎತ್ತಿ ನೋಡಿದರೆ ಕಾಡುಭಾಷೆ. ತಮಗೇ ಏನೋ ಆಯಿತೆಂದು ಅವರು ಬೆವತು, ಬಿ.ಪಿ. ಮಾತ್ರೆ ನುಂಗಿ ಕೂತುಬಿಟ್ಟರಂತೆ. ಆಮೇಲೆ ವಕೀಲರು ಕೈಮುಗಿದರು: "ತಾಯಿ, ನಿಮ್ಮ ಯಂತ್ರ ನೀವೇ ತಂದ್ಕೊಳಿ." ಹೀಗೆ ಈ ಲ್ಯಾಪ್‌ಟಾಪು ಬಂತು. ದಿನಾ ಚೀಲದಲ್ಲಿ ಹೊತ್ತುಕೊಂಡು ಹೋಗುವಳು, ಹೊತ್ತುಕೊಂಡು ಬರುವಳು.

ನಮ್ಮ ಅಣ್ಣನಿಗೆ ಇದು ಅವಮಾನ. ಅವನದು ಫೋನಿನ ಅಂಗಡಿ, ಮಾರಾಟ ಮತ್ತು ರಿಪೇರಿ ಎರಡೂ.

"ಎಲ್ಲರತ್ರ ಇರೋದೇ ನಮ್ಮತ್ರನೂ ಇರ್ಬೇಕು ಕಣೇ. ಕೆಟ್ರೆ ಪಾರ್ಟ್ಸ್ ಸಿಗುತ್ತೆ," ಎನ್ನುವನು.

"ನನ್ನ ಕೈಗೆ ಪಾರ್ಟ್ಸ್ ಎಲ್ಲಿ ಸಿಗುತ್ತೆ, ಹೇಳಿ ನೋಡೋಣ," ಎನ್ನುವಳು ಅತ್ತಿಗೆ.

ಮನೆಯಲ್ಲಿ ಅವಳ ಪಕ್ಷ ವಹಿಸಿದವರು ಅಪ್ಪ ಒಬ್ಬರೇ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಆ ಗಂಟಲಿನ ಬಗ್ಗೆ ಏನು ಹೇಳಲಿ! ಹಿಂದಿನ ಬಾಗಿಲಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಹೋಗಿ" ಎಂದರೆ ಪಕ್ಕದ ಬಸ್ಸಿನವರೂ ಮುಂದೆ ಹೋಗುತ್ತಿದ್ದರು. ಅತ್ತಿಗೆಯ ಕೀಬೋರ್ಡನ್ನು ನೋಡಿ ಅವರು ಒಂದೇ ಮಾತು ಹೇಳಿದ್ದರು: "ಇದರಲ್ಲೇನಿದೆ? ಸ್ಟಾಪುಗಳೆಲ್ಲ ಅವೇ. ರೂಟು ಬೇರೆ, ಅಷ್ಟೆ."

ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿ ಇಲ್ಲ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು, ಆಪರೇಷನ್‌ಗೆ ಮೊದಲು ಅವರ ದನಿಯನ್ನು ಆದಷ್ಟು ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಅವರು ಫೋನಿನಲ್ಲಿ ಬರೆದದ್ದನ್ನು ಫೋನು ಅವರದೇ ದನಿಯಲ್ಲಿ ಹೇಳುವ ಹಾಗೆ ಮಾಡಬಹುದು ಎಂದರು. ಅತ್ತಿಗೆ ರಜೆ ಹಾಕಿದಳು. ಬೀದಿಯ ಸದ್ದು ಬಾರದಂತೆ ಕಿಟಕಿಗೆ ಕಂಬಳಿ ಕಟ್ಟಿ, ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ, ಅಪ್ಪನನ್ನು ಕೂರಿಸಿ ಓದಿಸಿದಳು. "ನನಗೆ ನೀರು ಬೇಕು." "ಯಾರು ಬಂದಿದ್ದಾರೆ?" "ನಾನು ಚೆನ್ನಾಗಿದ್ದೇನೆ." ಮೊದಮೊದಲು ಗೊಣಗುತ್ತಿದ್ದ ಅಪ್ಪ ಆಮೇಲೆ ಹುರುಪಿಗೆ ಬಂದು, ಕೇಳದಿದ್ದದ್ದನ್ನೂ ಹೇಳಿದರು. ಹಳೆಯ ರೂಟಿನ ಸ್ಟಾಪುಗಳನ್ನೆಲ್ಲ ಕೂಗಿದರು. ಅಮ್ಮ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ನರದ ತೊಂದರೆಯಿಂದ ದೃಷ್ಟಿ ಹೋಗಿ ವರ್ಷಗಳಾದವು. ಆಪರೇಷನ್ ಆದ ಮೇಲೆ ಅಪ್ಪ ನಮಗೆಲ್ಲ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಅಮ್ಮನಿಗೆ ಏನು ತೋರಿಸುವುದು? ಸದ್ಯಕ್ಕಿರಲಿ ಎಂದು ಅಣ್ಣ ಫೋನಿಗೆ ರೆಡಿಮೇಡ್ ದನಿಯೊಂದನ್ನು ಹಾಕಿಕೊಟ್ಟ. ಅಪ್ಪ ಏನೋ ಬರೆದು ಒತ್ತಿದರು. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವಂಥ ದನಿಯೊಂದು ಅಮ್ಮನ ಕಿವಿಯ ಪಕ್ಕದಲ್ಲೇ "ಊಟ ಆಯಿತೇ" ಎಂದಿತು. ಅಮ್ಮ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು. "ಯಾರದು? ಯಾರೋ ಒಳಗೆ ಬಂದಿದಾರೆ!" ಎಂದು ಕೂಗಿದಳು. ಅಪ್ಪ ಫೋನನ್ನು ಬೋರಲು ಹಾಕಿದರು. ಮತ್ತೆ ಮುಟ್ಟಲಿಲ್ಲ.

ಅಂದಿನಿಂದ ಅವರಿಬ್ಬರ ನಡುವೆ ಉಳಿದದ್ದು ಕೈ ತಟ್ಟುವುದೊಂದೇ. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ಎಷ್ಟು ದಿನ ಅಂತ ಹಾಗೆ ಸಂಸಾರ ಮಾಡುವುದು? ಅಮ್ಮನೂ ಮೆಲ್ಲಮೆಲ್ಲಗೆ ಮಾತು ಬಿಟ್ಟಳು. ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಅತ್ತಿಗೆ ಮಾತ್ರ "ಇನ್ನು ಸ್ವಲ್ಪ ದಿನ ಅತ್ತೆ, ಮಾವನ ದನಿ ಬರುತ್ತೆ" ಎನ್ನುತ್ತ, ರೆಕಾರ್ಡಿನಲ್ಲಿ ಸೇರಿದ್ದ ಕೆಮ್ಮು, ಹಾರ್ನು, ಬಾಗಿಲ ಸದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತಿದ್ದಳು. ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಕಚೇರಿಯ ಮೆಟ್ಟಿಲಲ್ಲಿ ಜಾರಿದಳು. ಬೀಳುವಾಗ ಚೀಲವನ್ನು ಎದೆಗೆ ಅವುಚಿಕೊಂಡು, ಬಲಗೈಯನ್ನು ನೆಲಕ್ಕೆ ಕೊಟ್ಟಳು. ಲ್ಯಾಪ್‌ಟಾಪಿಗೆ ಒಂದು ಗೀರೂ ಆಗಲಿಲ್ಲ. ಮಣಿಕಟ್ಟು ಮುರಿಯಿತು.

ಅವಳು ಆಸ್ಪತ್ರೆಯಲ್ಲಿದ್ದಾಗ ಅಣ್ಣನಿಗೆ ತಡೆಯಲಾಗಲಿಲ್ಲ. ರೆಕಾರ್ಡುಗಳನ್ನು ತಾನೇ ಆ ಮೇಡಂಗೆ ಕೊಟ್ಟುಬಿಡೋಣ ಎಂದು ಲ್ಯಾಪ್‌ಟಾಪ್ ತೆರೆದ. ಪಾಸ್‌ವರ್ಡ್ ಕೇಳಿತು. ತನ್ನ ಹೆಸರು ಹೊಡೆದ, ಮದುವೆಯ ತಾರೀಕು ಹೊಡೆದ, ಮತ್ತೆ ತನ್ನ ಹೆಸರನ್ನೇ ಬೇರೆ ರೀತಿಯಲ್ಲಿ ಹೊಡೆದ. ಹೆಂಡತಿ ತನ್ನ ಹೆಸರು ಇಟ್ಟುಕೊಂಡಿಲ್ಲವೆಂಬ ಸಿಟ್ಟಿಗೆ ಇನ್ನಷ್ಟು ಹೊಡೆದ. ಕೊನೆಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು: ಇನ್ನು ಎರಡು ಸಲ ತಪ್ಪಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಕಳ್ಳರ ಭಯಕ್ಕೆಂದು ಆ ಏರ್ಪಾಟನ್ನು ಮಾಡಿಸಿದ್ದವನು ಅವನೇ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. "ಮಾವನ ದನಿ ಯಾರದೋ ಯಂತ್ರದಲ್ಲಿ ಕೂರೋದು ಬೇಡ, ನಮ್ಮದು ನಮ್ಮತ್ರ ಇರ್ಲಿ" ಎಂದು ಅತ್ತಿಗೆ ಹಟ ಹಿಡಿದಿದ್ದಳು. ಬಂದ ಗಿರಾಕಿಗೆಲ್ಲ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಉಪದೇಶ ಮಾಡುವ ಅಣ್ಣನೂ ಆ ವಿಷಯ ಮರೆತಿದ್ದ.

ಭಾನುವಾರ ಅತ್ತಿಗೆ ಮನೆಗೆ ಬಂದಳು. ನನ್ನನ್ನೂ ಕರೆಸಿದರು. ನಾನು ಎರಡು ಬೀದಿ ಆಚೆ ಇರುವವಳು, ಚಪ್ಪಲಿ ಸಿಕ್ಕಿಸಿಕೊಂಡು ಓಡಿಬಂದೆ. ಅತ್ತಿಗೆಯ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಬೆರಳ ತುದಿಗಳು ಮಾತ್ರ ಹೊರಗೆ, ಅವೂ ಊದಿಕೊಂಡಿದ್ದವು.

"ಪಾಸ್‌ವರ್ಡ್ ಹೇಳು, ನಾನು ಹೊಡೀತೀನಿ," ಎಂದ ಅಣ್ಣ.

"ನಂಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ನನ್ನ ಬೆರಳಿಗೆ ಗೊತ್ತು ರೀ. ನಾನು ಅದನ್ನ ಓದಿ ಇಟ್ಟಿದ್ದಲ್ಲ. ಎರಡು ಕೈಯಲ್ಲೂ ಪಟಪಟ ಅಂತ ಒಂದು ಓಟ ಓಡಿಸಿದ್ದು. ಪರದೆ ಮೇಲೆ ಬರೀ ಚುಕ್ಕಿ ತಾನೇ ಬರೋದು? ಅಕ್ಷರ ಯಾವುದು ಅಂತ ನಾನೂ ನೋಡಿಲ್ಲ."

ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. "ಎಲ್ಲಾದ್ರೂ ಬರೆದಿಟ್ಕೋಬೇಕು ತಾನೇ!"

"ಬರೆದಿಟ್ಟ ಪಾಸ್‌ವರ್ಡು ಪಾಸ್‌ವರ್ಡೇ ಅಲ್ಲ ಅಂತ ಅಂಗಡೀಲಿ ಬೋರ್ಡ್ ಹಾಕಿರೋರು ಯಾರು?"

ಬೇರೆ ಸಮಯವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಒಳಕೋಣೆಯಲ್ಲಿ ಅಮ್ಮ ಮಲಗಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಅಣ್ಣ ಅಂಗಡಿಯಿಂದ ಬೇರೊಂದು ಕಂಪ್ಯೂಟರು ತಂದ. ಇದರಲ್ಲಿ ಹೊಡೆದು ತೋರಿಸು, ಯಾವ ಗುಂಡಿಗಳು ಅಂತ ಕಂಡುಹಿಡಿಯೋಣ ಎಂದ. ಉಪಾಯವೇನೋ ಸರಿಯೇ. ಅತ್ತಿಗೆ ಎಡಗೈಯನ್ನು ಇಟ್ಟಳು, ಬಲಗೈಯ ಬೆರಳುಗಳನ್ನು ಹೇಗೋ ಹಲ್ಲು ಕಚ್ಚಿ ಆಡಿಸಿದಳು. ಒಂದು ಸಲ ಒಂದು ಬಂತು, ಇನ್ನೊಂದು ಸಲ ಇನ್ನೊಂದು. ನೋವಿಗೆ ಬೆರಳು ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಗುಂಡಿಗಳು ದಪ್ಪ, ಎತ್ತರ ಬೇರೆ, ಇದು ನನ್ನ ಮನೆ ಮೆಟ್ಟಿಲಲ್ಲ ಎಂದಳು. ಬಲಗೈ ಕೆಲಸವನ್ನೂ ಎಡಗೈಯಲ್ಲೇ ಮಾಡಲು ನೋಡಿದಳು. ಎಡಗೈಗೆ ಬಲಗೈಯ ದಾರಿ ತಿಳಿಯಲಿಲ್ಲ. ಅಣ್ಣ ಪಕ್ಕದಲ್ಲೇ ನಿಂತು "ಮೂರನೇದು ಯಾವ್ದು? ಸರಿಯಾಗಿ ನೋಡು! ಆಗ ಬೇರೆ ಒತ್ತಿದ್ದೆ!" ಎಂದು ಪ್ರಾಣ ತಿನ್ನುತ್ತಿದ್ದ. ಅವಳ ಕಣ್ಣಲ್ಲಿ ನೀರು ತುಂಬಿತು. ನನಗೆ ರೇಗಿತು.

"ಸ್ವಲ್ಪ ಬಾಯ್ಮುಚ್ಕೊಂಡಿರೋ ಅಣ್ಣಾ! ಅವಳ ಕೈ ಮುರಿದಿದೆ, ನಿನ್ನದಲ್ಲ!"

ಕೊನೆಗೆ ಹೆಚ್ಚು ಸಲ ಬಂದದ್ದನ್ನು ಅಣ್ಣ ಚೀಟಿಯಲ್ಲಿ ಬರೆದುಕೊಂಡ. ಲ್ಯಾಪ್‌ಟಾಪನ್ನು ಮುಂದಕ್ಕೆಳೆದುಕೊಂಡು, ಚೀಟಿ ನೋಡುತ್ತ, ತೋರುಬೆರಳಿನಲ್ಲಿ ಒಂದೊಂದೇ ಗುಂಡಿ ಒತ್ತಿದ.

ತಪ್ಪು. ಇನ್ನು ಒಂದೇ ಸಲ.

ಅಣ್ಣನ ಮುಖ ಸುಣ್ಣದ ಗೋಡೆಯ ಹಾಗಾಯಿತು. ಅಪ್ಪ ಎದ್ದು ನಿಂತರು. ಅತ್ತಿಗೆ ಮಾತ್ರ ಪರದೆಯ ಕೆಳಮೂಲೆಯನ್ನೇ ದಿಟ್ಟಿಸುತ್ತಿದ್ದಳು. ಅಲ್ಲಿ ಯಾವ ಜೋಡಣೆ ಎಂದು ತೋರಿಸುವ ಸಣ್ಣ ಗುರುತೊಂದಿರುತ್ತದೆ.

"ರೀ, ಇದಕ್ಕೆ ಏನಾದ್ರೂ ಮಾಡಿದ್ರಾ ನೀವು?"

"ಏನಿಲ್ಲ. ಅಪ್‌ಡೇಟ್ ಕೇಳ್ತು, ಹೂಂ ಅಂದೆ. ಆಮೇಲೆ ಆಫ್ ಮಾಡಿ ಆನ್ ಮಾಡ್ದೆ. ಒಂದೊಂದು ಸಲ ಅದ್ರಿಂದಾನೇ ಸರಿ ಹೋಗುತ್ತೆ."

"ನನ್ನ ಜೋಡಣೆ ಹೋಗಿ ಎಲ್ಲರದೂ ಬಂದು ಕೂತಿದೆ ನೋಡಿ ಇಲ್ಲಿ. ಹೀಗಿದ್ರೆ ನನ್ನ ಬೆರಳೇ ಸರಿಯಾಗಿ ಓಡಿದ್ರೂ ತಪ್ಪು ಅನ್ನುತ್ತೆ ಇದು!"

ಅವಳು ಎಡಗೈಯಿಂದ ಆ ಗುರುತನ್ನು ಒತ್ತಿ ತನ್ನ ಜೋಡಣೆಯನ್ನು ಆರಿಸಿದಳು. ಈಗ ಇನ್ನೊಂದು ಇಕ್ಕಟ್ಟು. ಚೀಟಿಯಲ್ಲಿದ್ದದ್ದು ಸರಿಯಿದ್ದು ಜೋಡಣೆಯಿಂದ ಮಾತ್ರ ತಪ್ಪಾಯಿತೋ, ಅಥವಾ ಚೀಟಿಯೇ ತಪ್ಪೋ? ಹೇಳುವವರು ಯಾರು?

"ಅದೇ ಚೀಟಿ ಇನ್ನೊಂದ್ಸಲ ಹೊಡೆಯೋಣ. ಕಣ್ಣಿಗೆ ಕಾಣೋದು ಅದೊಂದೇ," ಎಂದ ಅಣ್ಣ.

"ನಂಗೆ ಆ ಚೀಟಿ ಮೇಲೆ ನಂಬಿಕೆ ಇಲ್ಲ. ಅದು ನೋವು ಹೊಡೆದದ್ದು, ನಾನಲ್ಲ. ಈ ಕೀಬೋರ್ಡ್ ಮೇಲೆ ನನ್ನ ಕೈ ಒಂದು ಸಲ ಸರಾಗ ಓಡಿದ್ರೆ ಸಾಕು."

"ನಿನ್ನ ಕೈ ಓಡೋ ಸ್ಥಿತೀಲಿದೆಯಾ?"

ಮೆಕ್ಯಾನಿಕ್ಕು ಯಾರಾದರೂ ಬಿಚ್ಚಿ ತೆಗೆಯಲಾರರೇ ಎಂದು ನಾನು ಕೇಳಿದೆ. ಯಾರಿಂದಲೂ ತೆಗೆಯಲಾಗದಂಥದ್ದನ್ನೇ ತಾನು ಆರಿಸಿ ತಂದದ್ದು ಎಂದು ಅಣ್ಣ ನೆಲ ನೋಡುತ್ತ ಹೇಳಿದ. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದ. "ನೀನು ಹೊಡಿ. ನನ್ನ ಕೈಯಿಂದ ಆಗಲ್ಲ. ಹೋದ್ರೆ ನನ್ನ ಕೈಯಿಂದ ಹೋಗೋದು ಬೇಡ."

ನಾನು ಮುಟ್ಟಲಿಲ್ಲ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಅಪ್ಪನ ಆ ದನಿಯಲ್ಲೇ ನಾನು ಹೆಸರು ಕರೆಸಿಕೊಂಡು ಬೆಳೆದವಳು. ಅದು ನನ್ನ ಬೆರಳ ತುದಿಯಲ್ಲಿ ಅಳಿಸಿಹೋದರೆ ಆ ಬೆರಳನ್ನು ಇಟ್ಟುಕೊಂಡು ಹೇಗೆ ಬದುಕುವುದು?

ಆಗ ಅಪ್ಪ ಮೇಜಿನ ಬಳಿ ಬಂದರು. ಸ್ಲೇಟು ತೆಗೆದುಕೊಂಡು ಬರೆದರು. "ನನ್ನ ದನಿ. ನಾನೇ ಒತ್ತುತ್ತೇನೆ."

ಕುರ್ಚಿ ಎಳೆದು ಅತ್ತಿಗೆಯ ಬಲಕ್ಕೆ ಕೂತರು. ತಮ್ಮ ಬಲಗೈಯನ್ನು ಗುಂಡಿಗಳ ಮೇಲೆ ಇಟ್ಟು, ಅವಳ ಪ್ಲಾಸ್ಟರ್ ಕೈಯನ್ನು ಮೆಲ್ಲಗೆ ಎತ್ತಿ ತಮ್ಮ ಕೈಯ ಮೇಲೆ ಮಲಗಿಸಿಕೊಂಡರು. ಅವಳ ಬೆರಳ ತುದಿಗಳು ಅವರ ಬೆರಳುಗಳ ಮೇಲೆ ಕೂತವು. ನಾನು ಅವಳ ಮೊಣಕೈಯ ಕೆಳಗೆ ದಿಂಬು ಇಟ್ಟೆ. ನನಗೆ ಆಗ ಅರ್ಥವಾಯಿತು. ಅವಳು ಗುಂಡಿ ಒತ್ತಬೇಕಾಗಿಲ್ಲ. ಯಾವ ಬೆರಳು, ಯಾವ ಕಡೆ ಎಂದು ಒಂದಿಷ್ಟು ತಳ್ಳಿದರೆ ಸಾಕು, ಒತ್ತುವುದು ಅಪ್ಪನ ಕೆಲಸ. ಜೀವನವಿಡೀ ಓಡುವ ಬಸ್ಸಿನಲ್ಲಿ ಟಿಕೆಟು ಹರಿದ ಬೆರಳುಗಳು ಅವು, ಸೂಚನೆ ಸಿಕ್ಕರೆ ತಡಮಾಡುವುದಿಲ್ಲ.

ಮೊದಲು ಬರೀ ಮೇಜಿನ ಹಲಗೆಯ ಮೇಲೆ ಓಡಿಸಿ ನೋಡಿದರು. ಅತ್ತಿಗೆ ಅರ್ಧಕ್ಕೇ ತಡವರಿಸಿದಳು. ಇನ್ನೊಮ್ಮೆ. ಮತ್ತೆ ಅದೇ ಜಾಗದಲ್ಲಿ ನಿಂತಳು. ಬೆವರು ಅವಳ ಕೆನ್ನೆಯ ಮೇಲಿಂದ ಇಳಿಯುತ್ತಿತ್ತು.

"ಆಗ್ತಿಲ್ಲ ಮಾವ. ಯೋಚನೆ ಮಾಡಿದ ತಕ್ಷಣ ಮರೆತುಹೋಗುತ್ತೆ."

ಅಪ್ಪ ಎಡಗೈಯಿಂದ ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ ಬರೆದರು. "ರೂಟು ಯೋಚಿಸಬೇಡ. ಡ್ರೈವರು ಯೋಚಿಸುವುದಿಲ್ಲ."

ಅತ್ತಿಗೆ ಕಣ್ಣೀರಿನಲ್ಲೇ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಾದ್ರೂ ಮಾತಾಡ್ತಾ ಇರಿ. ಏನಾದ್ರೂ. ಆಫೀಸಲ್ಲಿ ಯಾವಾಗಲೂ ಯಾರಾದ್ರೂ ಮಾತಾಡ್ತಾನೇ ಇರ್ತಾರೆ," ಎಂದಳು.

ಇಂಥ ಹೊತ್ತಿನಲ್ಲಿ ಏನು ಮಾತಾಡುವುದು? ಬಾಯಿಗೆ ಬಂದದ್ದು ಶುರುಮಾಡಿದೆ. ನಮ್ಮ ಪಕ್ಕದ ಮನೆಯವರು ಮಾತಾಡುವ ಟಿ.ವಿ. ತಂದದ್ದು, ಅದು ಅವರ ಗಂಡ ಹೆಂಡತಿ ಜಗಳದ ನಡುವೆ ಬಾಯಿ ಹಾಕಿ ಹವಾಮಾನ ಹೇಳಿದ್ದು, ಅವರು ಅದರ ಮೇಲೆ ಬೆಡ್‌ಶೀಟು ಹೊದಿಸಿದ್ದು. ಅತ್ತಿಗೆ ಕಣ್ಣು ಮುಚ್ಚಿದಳು. ಹೂಂಗುಟ್ಟಿದಳು. ಆಮೇಲೇನಾಯ್ತು ಎಂದು ಕೇಳಿದಳು. ಕೇಳುತ್ತಿರುವಂತೆಯೇ ಎಡಗೈ ಓಡಿತು, ಪ್ಲಾಸ್ಟರಿನ ತುದಿಯಲ್ಲಿ ಬೆರಳುಗಳು ಮಿಡುಕಿದವು, ಅವುಗಳ ಕೆಳಗೆ ಅಪ್ಪನ ಬೆರಳುಗಳು ಓಡಿದವು. ಒಂದು ಬೆರಳು ಒಂದು ಗುಂಡಿಯ ಮೇಲೆ ಕ್ಷಣ ತಡೆದದ್ದನ್ನು ನಾನು ಕಂಡೆ. ನನ್ನ ಮಾತು ನಿಂತಿತು. ಅಪ್ಪ ಒತ್ತಿದರು.

ಪರದೆ ಕಪ್ಪಾಯಿತು.

ಹೋಯಿತು ಎಂದುಕೊಂಡೆ. ಅಣ್ಣ "ಅಪ್ಪಾ" ಎಂದ, ಚಿಕ್ಕ ಹುಡುಗನ ಹಾಗೆ. ಆಮೇಲೆ ಮೆಲ್ಲಗೆ ಬೆಳಕು ಬಂತು. ಅತ್ತಿಗೆಯ ಕಡತಗಳು, ಕರಾರುಪತ್ರಗಳು, ಮಧ್ಯದಲ್ಲಿ 'ಮಾವ' ಎಂದು ಹೆಸರಿಟ್ಟ ಹಳದಿ ಚೌಕ.

ಅತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅಣ್ಣ ಆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಅದು ಸರಿಯಿತ್ತೋ ತಪ್ಪಿತ್ತೋ ಹೋಲಿಸಿ ನೋಡುವ ಧೈರ್ಯ ಅವನಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಮೊದಲ ಕೆಲಸವಾಗಿ ಎಲ್ಲದರದೂ ಇನ್ನೊಂದು ಪ್ರತಿ ತೆಗೆಯಲು ಕೂತ. ಅತ್ತಿಗೆ ಈ ಸಲ ಬೇಡ ಎನ್ನಲಿಲ್ಲ.

ಆ ಗಡಿಬಿಡಿಯಲ್ಲಿ ಅವನ ಕೈ ಯಾವುದೋ ಒಂದು ರೆಕಾರ್ಡಿಗೆ ತಾಗಿತು. ಮನೆ ತುಂಬುವಷ್ಟು ದೊಡ್ಡದಾಗಿ ಅಪ್ಪನ ದನಿ ಬಂತು, ಅದೇ ಬಸ್ಸಿನ ಗಂಟಲು:

"ಏನೇ, ಎಲ್ಲಿದ್ದೀಯ?"

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಇಲ್ಲೇ ಇದ್ದೀನ್ರೀ," ಎಂದಳು ಅಮ್ಮ. ನಿದ್ದೆಗಣ್ಣಿನ ದನಿ, ನಡುವೆ ಏನೂ ಆಗಿಯೇ ಇಲ್ಲ ಎಂಬಂಥ ದನಿ. "ಎಲ್ಲಿಗ್ ಹೋಗ್ಲಿ? ಯಾಕೆ, ಏನ್ ಬೇಕಿತ್ತು?"

ಅಪ್ಪ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಅಣ್ಣ ಒತ್ತಿದ್ದು ಯಾವುದೆಂದು ನೋಡಿಕೊಂಡಿದ್ದರೆಂದು ಕಾಣುತ್ತದೆ. ಅದನ್ನೇ ಮತ್ತೆ ಒತ್ತಿದರು.

"ಏನೇ, ಎಲ್ಲಿದ್ದೀಯ?"

"ಹೇಳಿದ್ನಲ್ಲ ಇಲ್ಲೇ ಅಂತ!" ಅಮ್ಮ ರೇಗಿದಳು. "ನಂಗೆ ಹೋಗಿರೋದು ಕಣ್ಣು, ಕಿವಿಯಲ್ಲ. ಬನ್ನಿ ಈ ಕಡೆ."

ಅಪ್ಪ ಮೂರನೆಯ ಸಲ ಒತ್ತಲಿಲ್ಲ. ಎದ್ದು ಒಳಗೆ ಹೋದರು.